ಸದ್ದು ಮಾಡದ ಚಪ್ಪಲಿ, ಅನುಮಾನ ಹುಟ್ಟಿಸುವ ಕುಂದಾ

ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಹೊಲಿಯುವ ಅಸಲಿ ಕೊಲ್ಹಾಪುರಿ ಚಪ್ಪಲಿಗೆ ಮೊಳೆ ಹೊಡೆಯುವುದಿಲ್ಲ. ಚರ್ಮದ ಪದರುಗಳನ್ನು ಚರ್ಮದ ದಾರದಿಂದಲೇ ಹೊಲಿದು ಬಿಗಿಯುತ್ತಾರೆ. ಹಾಗಾಗಿ ಬೋರಗಾಂವದ ರೈತರೊಬ್ಬರು ಅದನ್ನು ಮೆಟ್ಟಿಕೊಂಡು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಲೋಹಶೋಧಕ ಚೌಕಟ್ಟು ದಾಟಿದರೆ ಚಪ್ಪಲಿಯಿಂದಾಗಿ ಸದ್ದು ಬರುವುದಿಲ್ಲ. ಸೊಂಟದ ಬೆಳ್ಳಿ ಉಡದಾರ ಮಾತ್ರ ಸುಮ್ಮನಿರಲಿಕ್ಕಿಲ್ಲ. ಇನ್ನು ಬೆಂಗಳೂರಿನ ಮಗಳ ಮನೆಗೆಂದು ಚೀಲದಲ್ಲಿ ಎರಡು ಕಿಲೋ ಕುಂದಾ ಇದ್ದರಂತೂ ಎಕ್ಸ್‌ರೇ ಪರದೆಯ ಮುಂದೆ ಕೂತವರು ಬೆಲ್ಟ್ ನಿಲ್ಲಿಸಿ ಇನ್ನೊಮ್ಮೆ ದಿಟ್ಟಿಸಿ ನೋಡಿಯಾರು.

ಪಾಪದ ಕುಂದಾ ಏನು ತಪ್ಪು ಮಾಡಿತು? ಉತ್ತರ ಇರುವುದು ಆ ಪರದೆಯ ಬಣ್ಣಗಳಲ್ಲಿ. ನಿಲ್ದಾಣದ ಎಕ್ಸ್‌ರೇ ಯಂತ್ರ ಚೀಲದ ಮೂಲಕ ಹಾದುಬಂದ ಎರಡು ಬೇರೆ ಬೇರೆ ಶಕ್ತಿಯ ಕಿರಣಗಳನ್ನು ಅಳೆಯುತ್ತದೆ. ಯಾವ ವಸ್ತು ಯಾವ ಕಿರಣವನ್ನು ಎಷ್ಟು ತಡೆಯಿತು ಎಂಬ ಲೆಕ್ಕದಿಂದ ಅದರ ಜಾತಿ ಗುರುತಿಸಿ ಬಣ್ಣ ಹಚ್ಚುತ್ತದೆ. ಕಬ್ಬಿಣ, ಉಕ್ಕು ನೀಲಿ. ಅಲ್ಯೂಮಿನಿಯಂನಂಥ ಹಗುರ ವಸ್ತು ಹಸಿರು. ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕಗಳಿಂದಾದದ್ದೆಲ್ಲ ಕಿತ್ತಳೆ: ಬಟ್ಟೆ, ಪುಸ್ತಕ, ರೊಟ್ಟಿ, ಸಾಬೂನು. ತೊಂದರೆ ಏನೆಂದರೆ ಸ್ಫೋಟಕಗಳಲ್ಲಿ ಹೆಚ್ಚಿನವು ಇದೇ ಮೂಲವಸ್ತುಗಳಿಂದಾದವು. ಖೋವಾ, ಸಕ್ಕರೆ ಸೇರಿ ಗಟ್ಟಿಯಾದ ಕುಂದಾ ಡಬ್ಬಿಯಾಗಲಿ, ಬೆಲ್ಲ ಅಂಟು ಸೇರಿದ ಗೋಕಾಕದ ಕರದಂಟಾಗಲಿ, ಪರದೆಯ ಮೇಲೆ ಒತ್ತಾದ ಕಿತ್ತಳೆ ಬಣ್ಣದ ಇಟ್ಟಿಗೆಯೇ. ಪಕ್ಕದಲ್ಲಿ ಚಾರ್ಜರಿನ ತಂತಿ ಸುತ್ತಿಕೊಂಡಿದ್ದರೆ ಮುಗಿಯಿತು, ಚೀಲ ಪಕ್ಕದ ಮೇಜಿಗೆ ಹೋಗುತ್ತದೆ.

ಆ ಮೇಜಿನ ಮೇಲೆ ನಡೆಯುವುದು ಹಲವರ ಕಣ್ಣಿಗೆ ಬೀಳುತ್ತದೆ, ಆದರೆ ಅರ್ಥವಾಗುವುದು ಕೆಲವರಿಗೆ ಮಾತ್ರ. ಸಿಬ್ಬಂದಿ ಒಂದು ಚಿಕ್ಕ ಬಟ್ಟೆಪಟ್ಟಿಯನ್ನು ಕಡ್ಡಿಯ ತುದಿಗೆ ಸಿಕ್ಕಿಸಿ ಚೀಲದ ಹಿಡಿಕೆ, ಜಿಪ್‌, ಕೆಲವೊಮ್ಮೆ ಪ್ರಯಾಣಿಕರ ಅಂಗೈಗೂ ಒರೆಸುತ್ತಾರೆ. ಪಟ್ಟಿಯನ್ನು ಯಂತ್ರದ ಬಾಯಿಗೆ ಇಟ್ಟರೆ ಅದು ಕಾದು, ಅಂಟಿದ ಕಣಗಳು ಆವಿಯಾಗಿ, ವಿದ್ಯುದಾವೇಶ ಪಡೆದು ಒಂದು ಸಣ್ಣ ನಳಿಕೆಯಲ್ಲಿ ಓಡುತ್ತವೆ. ಹಗುರವಾದ ಕಣ ಬೇಗ ತಲಪುತ್ತದೆ, ಭಾರದ್ದು ತಡವಾಗಿ. ಆ ಓಟದ ಸಮಯವೇ ವಸ್ತುವಿನ ಗುರುತು. ಸ್ಫೋಟಕ ಮುಟ್ಟಿದ ಕೈ ಚೀಲ ಮುಟ್ಟಿದ್ದರೆ ಕಣ್ಣಿಗೆ ಕಾಣದಷ್ಟು ಉಳಿದ ಕಣವೂ ಸಿಕ್ಕಿಬೀಳುತ್ತದೆ. ಕೆಲವೇ ಸೆಕೆಂಡಿನ ಕೆಲಸ.

ಲೋಹಶೋಧಕಕ್ಕೆ ಲೋಹ ಮಾತ್ರ ಗೊತ್ತು, ಎಕ್ಸ್‌ರೇಗೆ ಸಾಂದ್ರತೆ ಮತ್ತು ವಸ್ತುವಿನ ಜಾತಿ ಮಾತ್ರ, ಒರೆಸುವ ಪಟ್ಟಿಗೆ ಅಂಟಿದ ಕಣ ಮಾತ್ರ. ಪ್ರತಿ ಯಂತ್ರವೂ ಒಂದೊಂದು ವಿಷಯದಲ್ಲಿ ಜಾಣ, ಉಳಿದುದರಲ್ಲಿ ಕುರುಡ. ಒಂದರ ಹಿಂದೊಂದು ನಿಲ್ಲಿಸಿರುವುದು ಅದಕ್ಕೇ. ಈ ಸಾಲು ಯಾರೋ ಒಂದೇ ದಿನ ಕೂತು ಯೋಜಿಸಿದ್ದೂ ಅಲ್ಲ. ಬಹುಪಾಲು ಕಟ್ಟಳೆಗಳ ಹಿಂದೆ ಒಂದೊಂದು ದುರಂತವಿದೆ.

1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟ ‘ಗಂಗಾ’ ಹೆಸರಿನ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಇಬ್ಬರು ಯುವಕರು ಲಾಹೋರಿಗೆ ಅಪಹರಿಸಿದರು. ಅವರ ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು. 1976ರಲ್ಲಿ ಇನ್ನೊಂದು ಅಪಹರಣವಾಯಿತು. ಅದರ ಬೆನ್ನಿಗೆ 1978ರಲ್ಲಿ ನಾಗರಿಕ ವಿಮಾನಯಾನ ಭದ್ರತೆಗೆಂದೇ ಒಂದು ವಿಭಾಗ ಹುಟ್ಟಿಕೊಂಡಿತು. ಅದು ಸ್ವತಂತ್ರ ಇಲಾಖೆಯಾದದ್ದು 1987ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ ‘ಕನಿಷ್ಕ’ ದುರಂತ ನಡೆದುಹೋಗಿತ್ತು.

ಕನಿಷ್ಕದ ಕತೆ ತಂತ್ರಜ್ಞಾನ ನಂಬುವವರೆಲ್ಲ ಓದಬೇಕಾದ್ದು. 1985ರ ಜೂನ್ 23ರಂದು ಏರ್ ಇಂಡಿಯಾದ ಆ ಜಂಬೋ ವಿಮಾನ ಐರ್ಲೆಂಡಿನ ಕರಾವಳಿಯಾಚೆ ಆಕಾಶದಲ್ಲೇ ಸ್ಫೋಟಗೊಂಡು 329 ಮಂದಿ ಸತ್ತರು. ಬಾಂಬಿದ್ದ ಸೂಟ್‌ಕೇಸ್ ವ್ಯಾಂಕೂವರಿನಲ್ಲಿ ಲಗೇಜಿಗೆ ಸೇರಿತ್ತು. ಕೊಟ್ಟವನು ವಿಮಾನ ಹತ್ತಿರಲಿಲ್ಲ. ಟೊರಾಂಟೊದಲ್ಲಿ ಅಂದು ಲಗೇಜು ನೋಡುವ ಎಕ್ಸ್‌ರೇ ಯಂತ್ರ ನಡುವೆಯೇ ಕೆಟ್ಟು ನಿಂತಿತು. ಬದಲಿಗೆ ಕೈಯಲ್ಲಿ ಹಿಡಿಯುವ ಸ್ಫೋಟಕ ಶೋಧಕ ಬಳಸಿದರು. ಅದು ಸದ್ದು ಮಾಡಿದರೂ ಆ ಸದ್ದಿಗೆ ಏನು ಅರ್ಥ ಎಂದು ಬಳಸುವವರಿಗೇ ಸರಿಯಾಗಿ ತಿಳಿದಿರಲಿಲ್ಲ. ಲಗೇಜು ಒಳಗೆ ಹೋಯಿತು. ಚೆಕ್‌-ಇನ್ ಮಾಡಿದ ಪ್ರಯಾಣಿಕ ಗೇಟಿಗೆ ಬಾರದಿದ್ದರೆ ವಿಮಾನವನ್ನೇ ನಿಲ್ಲಿಸಿ ಅವನ ಪೆಟ್ಟಿಗೆ ಹುಡುಕಿ ಇಳಿಸುತ್ತಾರಲ್ಲ, ಒಳಗೆ ಕೂತವರು ‘ಇನ್ನೂ ಯಾಕ ಬಿಡವಲ್ರು?’ ಎಂದು ಗೊಣಗುತ್ತಾರಲ್ಲ, ಆ ಕಟ್ಟುನಿಟ್ಟಿನ ಬೇರು ಇಲ್ಲಿದೆ.

1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ಐಸಿ-814 ವಿಮಾನ ಅಪಹರಣಗೊಂಡು ಕಂದಹಾರಕ್ಕೆ ಹೋದದ್ದು ಬಹಳಷ್ಟು ಜನರ ನೆನಪಿನಲ್ಲಿದೆ. ಅದಾದ ಮೇಲೆಯೇ ವಿಮಾನ ನಿಲ್ದಾಣಗಳ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ, ಅಂದರೆ ಸಿಐಎಸ್‌ಎಫ್‌ಗೆ ವರ್ಗವಾಗತೊಡಗಿತು. ಮೊದಲ ನಿಲ್ದಾಣ ಜೈಪುರ, 2000ದ ಫೆಬ್ರುವರಿಯಲ್ಲಿ. ಕೆಲವು ವಿಮಾನಗಳಲ್ಲಿ ಸಾಮಾನ್ಯ ಪ್ರಯಾಣಿಕರ ವೇಷದಲ್ಲಿ ಶಸ್ತ್ರಸಜ್ಜಿತ ಕಮಾಂಡೊಗಳು ಕೂರುವ ವ್ಯವಸ್ಥೆಯೂ ಆಗಿನದೇ.

ಕರ್ನಾಟಕದ ಪಾಲಿಗೆ ಕಣ್ಣು ತೆರೆಸಿದ ಪ್ರಕರಣ ಮಂಗಳೂರಿನದು. 2020ರ ಜನವರಿ 20ರ ಬೆಳಿಗ್ಗೆ ಒಬ್ಬಾತ ಆಟೋದಲ್ಲಿ ಬಂದು, ನಿಲ್ದಾಣದ ಹೊರಭಾಗದಲ್ಲಿ ಚೀಲವೊಂದನ್ನು ಬಿಟ್ಟು ಹೋದ. ಸಿಐಎಸ್‌ಎಫ್ ಸಿಬ್ಬಂದಿಗೆ ಅನುಮಾನ ಬಂತು. ಶ್ವಾನ ಬಂದು ಮೂಸಿತು, ಸ್ಫೋಟಕ ಇರುವುದು ಖಚಿತವಾಯಿತು. ಸ್ಫೋಟವನ್ನು ತಡೆದುಕೊಳ್ಳುವ ವಿಶೇಷ ವಾಹನದಲ್ಲಿ ಚೀಲವನ್ನು ಕೆಂಜಾರಿನ ಬಯಲಿಗೆ ಒಯ್ದು ಸಂಜೆ ಸಿಡಿಸಿದರು. ಸಿಸಿಟಿವಿಯಲ್ಲಿ ಆತನ ಚಿತ್ರ ಸಿಕ್ಕಿತ್ತು, ಟಿವಿಯಲ್ಲೆಲ್ಲ ಓಡಿತು. ಎರಡು ದಿನದಲ್ಲಿ ಆತ ಬೆಂಗಳೂರಿನಲ್ಲಿ ಶರಣಾದ. ಎಂಜಿನಿಯರಿಂಗ್ ಓದಿದವನು, ಹಿಂದೆ ಬೆಂಗಳೂರು ನಿಲ್ದಾಣಕ್ಕೆ ಹುಸಿ ಬಾಂಬ್ ಕರೆ ಮಾಡಿ ಜೈಲು ಕಂಡವನು. 2022ರ ಮಾರ್ಚ್‌ನಲ್ಲಿ ಮಂಗಳೂರಿನ ನ್ಯಾಯಾಲಯ 20 ವರ್ಷದ ಶಿಕ್ಷೆ ವಿಧಿಸಿತು.

ಗಮನಿಸಿ: ಕೋಟಿಗಟ್ಟಲೆ ಬೆಲೆಯ ಯಂತ್ರಗಳೆಲ್ಲ ಬಾಗಿಲ ಒಳಗಿದ್ದವು. ಚೀಲ ಇದ್ದದ್ದು ಹೊರಗೆ. ಅದನ್ನು ಹಿಡಿದದ್ದು ಒಬ್ಬ ಕಾವಲುಗಾರನ ಕಣ್ಣು ಮತ್ತು ಒಂದು ನಾಯಿಯ ಮೂಗು.

ಯಂತ್ರದ ಮುಂದೆ ಕೂರುವ ಮನುಷ್ಯನ ಕಣ್ಣಿಗೂ ದಣಿವಿದೆ. ಸಾವಿರ ಚೀಲಗಳಲ್ಲಿ ಏನೂ ಸಿಗದಿದ್ದರೆ ಸಾವಿರದ ಒಂದನೆಯದರಲ್ಲೂ ಏನೂ ಇರಲಾರದು ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಿದ್ದಾರೆ. ನಿಜವಾದ ಚೀಲದ ಚಿತ್ರದೊಳಗೆ ಸಾಫ್ಟ್‌ವೇರೇ ಆಗಾಗ ಸುಳ್ಳು ಪಿಸ್ತೂಲು, ಸುಳ್ಳು ಬಾಂಬು ತೂರಿಸುತ್ತದೆ. ನೋಡುವವರು ಗುರುತಿಸಿ ಗುಂಡಿ ಒತ್ತಿದರೆ ‘ಇದು ಪರೀಕ್ಷೆ’ ಎಂದು ತಿಳಿಸುತ್ತದೆ. ತಪ್ಪಿಸಿಕೊಂಡರೆ ಅದೂ ದಾಖಲಾಗುತ್ತದೆ. ಒಬ್ಬರು ಪರದೆಯ ಮುಂದೆ ಸತತವಾಗಿ ಸುಮಾರು 20 ನಿಮಿಷಕ್ಕಿಂತ ಹೆಚ್ಚು ಕೂರಬಾರದು ಎಂಬ ಪದ್ಧತಿಯೂ ಇದೆ. ಸಾಲಿನಲ್ಲಿ ನಿಂತಾಗ ಸಿಬ್ಬಂದಿ ಜಾಗ ಬದಲಿಸುತ್ತಿದ್ದರೆ ಅದು ಚಹಾಕ್ಕೆ ಎದ್ದದ್ದೇ ಆಗಿರಬೇಕೆಂದಿಲ್ಲ.

ಹೊಸ ಯಂತ್ರಗಳು ಈ ಭಾರವನ್ನು ಸ್ವಲ್ಪ ಇಳಿಸುತ್ತಿವೆ. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ತಂತ್ರವೇ ಈಗ ಕೈಚೀಲಕ್ಕೂ ಬಂದಿದೆ. ಚೀಲವನ್ನು ಎಲ್ಲ ಕೋನಗಳಿಂದ ಸೆರೆಹಿಡಿದು ಮೂರು ಆಯಾಮದ ಚಿತ್ರ ಕೊಡುತ್ತದೆ. ಪರದೆಯ ಮೇಲೆ ಅದನ್ನು ತಿರುಗಿಸಿ, ಹೋಳು ಹೋಳಾಗಿ ನೋಡಬಹುದು. ಲ್ಯಾಪ್‌ಟಾಪ್ ಹೊರತೆಗೆಯುವ ತಾಪತ್ರಯ ಇಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಇದರ ಪ್ರಯೋಗ 2023ರ ಡಿಸೆಂಬರ್‌ನಲ್ಲಿ ಶುರುವಾಯಿತು. ಮುಖವನ್ನೇ ಗುರುತಿನ ಚೀಟಿ ಮಾಡುವ ಡಿಜಿಯಾತ್ರಾ ವ್ಯವಸ್ಥೆ 2022ರ ಡಿಸೆಂಬರ್ 1ರಂದು ಆರಂಭವಾದಾಗ ದೆಹಲಿ, ವಾರಾಣಸಿ ಜೊತೆ ಬೆಂಗಳೂರೂ ಇತ್ತು. ಸಾಲು ಬೇಗ ಸಾಗುವುದು ನಿಜ. ಮುಖದ ಮಾಹಿತಿಯನ್ನು ವಿಮಾನ ಹೊರಟ 24 ಗಂಟೆಯೊಳಗೆ ಅಳಿಸುತ್ತೇವೆ ಎನ್ನುತ್ತಾರೆ. ಮಾತು ಉಳಿಸಿಕೊಂಡರೋ ಇಲ್ಲವೋ ಎಂದು ನೋಡಲು ಸಾಮಾನ್ಯ ಪ್ರಯಾಣಿಕನಿಗೆ ದಾರಿ ಇಲ್ಲ.

ದೇಹ ಸ್ಕ್ಯಾನರಿನ ಕತೆ ಕುಂಟುತ್ತ ಸಾಗಿದೆ. 2009ರ ಕ್ರಿಸ್‌ಮಸ್ ದಿನ ಅಮೆರಿಕಕ್ಕೆ ಹೊರಟ ವಿಮಾನದಲ್ಲಿ ಒಬ್ಬ ಒಳಉಡುಪಿನಲ್ಲಿ ಸ್ಫೋಟಕ ಬಚ್ಚಿಟ್ಟು ತಂದ. ಅದರಲ್ಲಿ ಲೋಹವೇ ಇರಲಿಲ್ಲ, ಲೋಹಶೋಧಕ ಚೌಕಟ್ಟಿಗೆ ಏನೂ ತಿಳಿಯಲಿಲ್ಲ. ಆ ಬಳಿಕ ಮಿಲಿಮೀಟರ್ ತರಂಗದ ಸ್ಕ್ಯಾನರ್‌ಗಳು ಜಗತ್ತಿನಲ್ಲೆಲ್ಲ ಹಬ್ಬಿದವು. ಈ ತರಂಗ ಬಟ್ಟೆ ದಾಟುತ್ತದೆ, ಚರ್ಮ ದಾಟುವುದಿಲ್ಲ, ಎಕ್ಸ್‌ರೇಯಂಥ ವಿಕಿರಣವೂ ಅಲ್ಲ. ಪರದೆಯ ಮೇಲೆ ಬರುವುದು ಬೊಂಬೆಯಂಥ ಆಕೃತಿ, ಅನುಮಾನದ ಜಾಗಕ್ಕೊಂದು ಚೌಕ. ಭಾರತದಲ್ಲಿ 84 ನಿಲ್ದಾಣಗಳು 2020ರ ಮಾರ್ಚ್ ಒಳಗೆ ಇವನ್ನು ಅಳವಡಿಸಬೇಕೆಂದು 2019ರಲ್ಲಿ ಆದೇಶವಾಯಿತು. ಗಡುವು ಬಂತು, ಹೋಯಿತು. ದುಡ್ಡಿನ ಮಾತು ಒಂದು ಕಡೆಯಾದರೆ ಇನ್ನೊಂದು ಕಡೆ ಸೀರೆಯ ನೆರಿಗೆ. ಮಡಿಕೆ ಮೇಲೆ ಮಡಿಕೆ ಬಿದ್ದಲ್ಲಿ ಯಂತ್ರಕ್ಕೆ ಗೊಂದಲ; ಬೇರೆಯವರ ಉಡುಪಿಗೆ ಹೊಂದಿಸಿದ ಯಂತ್ರ ಇಳಕಲ್ ಸೀರೆ ಉಟ್ಟ ಅಜ್ಜಿಯ ಮುಂದೆ ತಡಬಡಾಯಿಸಿದರೆ ಅಚ್ಚರಿಯಿಲ್ಲ.

ವಿಮಾನದೊಳಗಿನ ದೊಡ್ಡ ಬದಲಾವಣೆ ಒಂದು ಬಾಗಿಲು. ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ 11ರ ದಾಳಿ ನಡೆಯುವವರೆಗೆ ಪೈಲಟ್ ಕೋಣೆಯ ಬಾಗಿಲು ಬರೀ ಹೆಸರಿಗಿತ್ತು. 2003ರ ನವೆಂಬರ್‌ನಿಂದ 60ಕ್ಕಿಂತ ಹೆಚ್ಚು ಆಸನದ ವಿಮಾನಗಳಿಗೆ ಗುಂಡು ನಿರೋಧಕ ಬಾಗಿಲು ಅಂತರರಾಷ್ಟ್ರೀಯ ನಿಯಮವಾಯಿತು. ಹೊರಗಿನವರು ಯಾರೆಂದು ನೋಡಿಯೇ ತೆಗೆಯಬೇಕು. ಇದರ ಮಗ್ಗುಲ ಮುಳ್ಳು ಗೊತ್ತಾದದ್ದು 2015ರ ಮಾರ್ಚ್ 24ರಂದು. ಜರ್ಮನ್‌ವಿಂಗ್ಸ್ ವಿಮಾನದ ಸಹಪೈಲಟ್, ಕ್ಯಾಪ್ಟನ್ ಹೊರಗೆ ಹೋದಾಗ ಚಿಲಕ ಹಾಕಿಕೊಂಡು ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿದ. 150 ಜನ ಸತ್ತರು. ಶತ್ರುವನ್ನು ಹೊರಗಿಡುವ ಬಾಗಿಲು ಕ್ಯಾಪ್ಟನ್‌ನನ್ನೂ ಹೊರಗಿಟ್ಟಿತು.

ಇನ್ನು ಯಂತ್ರಕ್ಕೆ ಸಂಬಂಧವೇ ಇಲ್ಲದ ತಲೆನೋವು ಹುಸಿ ಕರೆ. 2024ರಲ್ಲಿ ನವೆಂಬರ್ ಮಧ್ಯದವರೆಗೆ ಭಾರತದ ವಿಮಾನ ಸಂಸ್ಥೆಗಳಿಗೆ 999 ಹುಸಿ ಬೆದರಿಕೆಗಳು ಬಂದವೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಬಹಳಷ್ಟು ಬಂದದ್ದು ಎಲ್ಲೋ ಕೂತು ಮೊಬೈಲಿನಲ್ಲಿ ಬರೆದ ಸಂದೇಶಗಳಾಗಿ.

ಬೋರಗಾಂವ, ಚಿಕ್ಕೋಡಿ ಕಡೆಯವರಿಗೆ ಈಗ ವಿಮಾನ ದೂರದ ಮಾತಲ್ಲ. ಅತ್ತ ಕೊಲ್ಹಾಪುರದ ಉಜಳಾಯಿವಾಡಿ, ಇತ್ತ 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿ 2017ರಲ್ಲಿ ಹೊಸ ಟರ್ಮಿನಲ್ ಕಂಡ ಸಾಂಬ್ರಾ. ಮೊದಲ ಸಲ ಹೊರಟವರು ಕೆಲವು ಸಂಗತಿ ತಿಳಿದಿರಲಿ. ನಿಪ್ಪಾಣಿ ಬೀಡಿಯ ಕಟ್ಟು ಒಯ್ಯಬಹುದು, ಕಡ್ಡಿಪೆಟ್ಟಿಗೆ ಮತ್ತು ಲೈಟರ್ ಒಯ್ಯುವಂತಿಲ್ಲ. ‘ಕೊಬ್ಬರಿ ಏನ್ ಬಾಂಬ್ ಐತೇನ್ರಿ?’ ಎಂದು ಹಿರಿಯರು ಕೇಳಿದರೆ ಉತ್ತರ ಇಷ್ಟು: ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬೆಂಕಿ ಹತ್ತಿಕೊಳ್ಳಬಲ್ಲದು, ಅದಕ್ಕೇ ನಿಷೇಧ. ಶಬರಿಮಲೆ ಯಾತ್ರಿಗಳ ಇರುಮುಡಿಯ ತೆಂಗಿನಕಾಯಿಗೆ 2024ರ ಋತುವಿನಲ್ಲಿ ವಿಶೇಷ ವಿನಾಯಿತಿ ಸಿಕ್ಕಿತ್ತು, ತಪಾಸಣೆ ಆದ ಮೇಲೆ. ಪವರ್ ಬ್ಯಾಂಕ್ ಯಾವತ್ತೂ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಕುಂದಾ, ಕರದಂಟು ಧಾರಾಳವಾಗಿ ಒಯ್ಯಿರಿ, ಕೇಳಿದರೆ ಡಬ್ಬಿ ತೆಗೆದು ತೋರಿಸಿ. ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟದೆ ಹತ್ತಿರದ ಸಿಬ್ಬಂದಿಗೆ ಹೇಳಿ. ತಪಾಸಣೆಯ ಸಾಲಿನಲ್ಲಿ ‘ಬಾಂಬ್’ ಎಂಬ ಮಾತನ್ನು ತಮಾಷೆಗೂ ಆಡಬೇಡಿ. ಹಾಗೆ ಆಡಿ ವಿಮಾನದ ಬದಲು ಪೊಲೀಸ್ ಠಾಣೆ ಕಂಡವರಿದ್ದಾರೆ.