ಬಂದವರು ನಿಲ್ಲುವುದಿಲ್ಲ, ಏಕೆ?

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್ ಕಾರ್ಖಾನೆಗಳ ಮುಂದೆ ಹಾದುಹೋಗುವವರಿಗೆ ‘ಟೈಲರುಗಳು, ಹೆಲ್ಪರುಗಳು ಬೇಕಾಗಿದ್ದಾರೆ’ ಎಂಬ ಬೋರ್ಡು ಹೊಸದಲ್ಲ. ಕೆಲವು ಗೇಟುಗಳಲ್ಲಿ ಅದು ಕೆಳಗಿಳಿಯುವುದೇ ಇಲ್ಲ. ಜನ ಸಿಗುವುದಿಲ್ಲವೆಂದಲ್ಲ, ಸಿಕ್ಕವರು ನಿಲ್ಲುವುದಿಲ್ಲ. ಏಕೆ ಎಂದರೆ ‘ಈಗಿನವರಿಗೆ ದುಡಿಯುವ ಮನಸ್ಸಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ನಿಜವಾಗಿಯೂ ತಪ್ಪು ಹೋದವರದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಹಳೆಯ ಲೆಕ್ಕವೊಂದು ನೆರವಾಗುತ್ತದೆ. ಅದು ಅಮೆರಿಕದಲ್ಲಿ ಕಾರು ತಯಾರಿಸುತ್ತಿದ್ದ ಹೆನ್ರಿ ಫೋರ್ಡ್ ಕಾರ್ಖಾನೆಯದು.

14 ಸಾವಿರಕ್ಕೆ 52 ಸಾವಿರ!

1913ರಲ್ಲಿ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕಿನ ಆ ಕಾರ್ಖಾನೆಗೆ ಬೇಕಾಗಿದ್ದ ಆಳುಗಳು ಸುಮಾರು 14 ಸಾವಿರ. ಅಷ್ಟು ಮಂದಿಯನ್ನು ಕಾಯ್ದುಕೊಳ್ಳಲು ಕಂಪನಿ ಒಂದೇ ವರ್ಷದಲ್ಲಿ 52 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಮಾರ್ಚ್ ತಿಂಗಳೊಂದರಲ್ಲೇ 7,300 ಮಂದಿ ಹೊರನಡೆದರು. ಅವರಲ್ಲಿ ಹೇಳಿ ಬಿಟ್ಟವರು ನೂರಕ್ಕೆ 11, ಕಂಪನಿಯೇ ತೆಗೆದುಹಾಕಿದವರು 18. ಉಳಿದ 71 ಮಂದಿ ಹೇಳದೆ ಕೇಳದೆ ಹೋದವರು! ಸತತ ಐದು ದಿನ ಬಾರದವನ ಹೆಸರನ್ನು ಪುಸ್ತಕದಿಂದ ಹೊಡೆದುಹಾಕುವುದಷ್ಟೇ ಆಗ ಇದ್ದ ಕ್ರಮ. ಏಕೆ ಬರಲಿಲ್ಲವೆಂದು ಯಾರೂ ಕೇಳುತ್ತಿರಲಿಲ್ಲ.

ಆ ವರ್ಷವೇ ಅಲ್ಲಿ ಚಲಿಸುವ ಜೋಡಣಾ ಸಾಲು ಬಂದಿತು. ಕೆಲಸ ಚೂರುಚೂರಾಗಿ, ಹೊಸಬನಿಗೆ ಕಲಿಸಬೇಕಾದದ್ದೂ ಕಡಿಮೆಯಾಯಿತು. ಸೇರಿಸಿ ನಿಲ್ಲಿಸಿದರೆ ಮುಗಿಯಿತು. ಕಾರ್ಮಿಕರಲ್ಲಿ ಹತ್ತಕ್ಕೆ ಏಳು ಮಂದಿ ಬೇರೆ ದೇಶಗಳಲ್ಲಿ ಹುಟ್ಟಿದವರು; ಮೇಸ್ತ್ರಿಯ ಮಾತು ಅನೇಕರಿಗೆ ತಿಳಿಯುತ್ತಲೂ ಇರಲಿಲ್ಲ. ಆದರೂ ಅವರನ್ನು ಇಟ್ಟುಕೊಳ್ಳುವುದು, ಓಡಿಸುವುದು ಎಲ್ಲವೂ ಆ ಮೇಸ್ತ್ರಿಯ ಮರ್ಜಿ.

ಮುಂದೆ ಏನಾಯಿತೆಂಬುದು ಬಹಳ ಮಂದಿಗೆ ಗೊತ್ತು. 1914ರ ಜನವರಿ 5ರಂದು ಕಂಪನಿ ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿತು. ಹಿಂದಿನ ಕೂಲಿಯ ಇಮ್ಮಡಿಗಿಂತ ಹೆಚ್ಚು. ಕೆಲಸದ ಅವಧಿ 9 ಗಂಟೆಯಿಂದ 8ಕ್ಕೆ ಇಳಿಯಿತು. ನೂರಕ್ಕೆ 370ರಷ್ಟಿದ್ದ ಬದಲಾವಣೆಯ ಪ್ರಮಾಣ ಆ ವರ್ಷ 54ಕ್ಕೂ, 1915ರಲ್ಲಿ 16ಕ್ಕೂ ಇಳಿಯಿತು.

ಆದರೆ ಹಣದ ಜೊತೆಗೇ ನಡೆದ ಇನ್ನೆರಡು ಕೆಲಸಗಳನ್ನು ನಾವು ಮರೆಯುತ್ತೇವೆ. ಆಳನ್ನು ಓಡಿಸುವ ಮೇಸ್ತ್ರಿಯ ಅಧಿಕಾರವನ್ನು 1913ರ ಕೊನೆಯಲ್ಲೇ ಮೊಟಕುಗೊಳಿಸಿ, ಒಂದು ಕಡೆ ಹೊಂದದವನಿಗೆ ಇನ್ನೊಂದು ವಿಭಾಗದಲ್ಲಿ ಅವಕಾಶ ಕೊಡಲಾಯಿತು. ಮರುವರ್ಷ ಭಾಷೆ ಬಾರದವರಿಗಾಗಿ ಇಂಗ್ಲಿಷ್ ಶಾಲೆ ತೆರೆಯಿತು. ಹೊಸ ಕೂಲಿಗಾಗಿ ಕಾರ್ಮಿಕ ಬೆಲೆಯನ್ನೂ ತೆತ್ತ ಎನ್ನಿ. ಅವನ ಕುಡಿತ, ಉಳಿತಾಯ, ಸಂಸಾರ ಎಲ್ಲವನ್ನೂ ವಿಚಾರಿಸಲು ಕಂಪನಿಯ ಜನ ಮನೆಬಾಗಿಲಿಗೇ ಬರುತ್ತಿದ್ದರು.

ಮೊದಲ ವಾರಗಳ ಬಿಕ್ಕಟ್ಟು

ಸಂಬಳ ಕಡಿಮೆಯಾದರೆ ಯಾರಾದರೂ ಹೋಗುತ್ತಾರೆ, ಸರಿ. ಆದರೆ ಒಂದೇ ಸಂಬಳಕ್ಕೆ ಹತ್ತು ವರ್ಷ ನಿಂತವನೂ ಹತ್ತೇ ದಿನಕ್ಕೆ ಹೋದವನೂ ಒಂದೇ ಸೂರಿನಡಿ ಸಿಗುತ್ತಾರಲ್ಲ? ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ರೈಸ್, ಹಿಲ್ ಮತ್ತು ಟ್ರಿಸ್ಟ್ ಇದಕ್ಕೆ ಉತ್ತರ ಹುಡುಕಿದರು. ಗ್ಲೇಸಿಯರ್ ಮೆಟಲ್ ಕಂಪನಿಯ ದಾಖಲೆಗಳನ್ನು ಪರಿಶೀಲಿಸಿ 1950ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಕೆಲಸಗಾರನ ಬಾಳಿಗೆ ಮೂರು ಘಟ್ಟಗಳಿವೆ. ಮೊದಲನೆಯದು ಪ್ರವೇಶದ ಬಿಕ್ಕಟ್ಟು. ಬಿಟ್ಟು ಹೋಗುವವರ ದೊಡ್ಡ ಪಾಲು ಇಲ್ಲೇ ಉದುರುತ್ತದೆ. ಇದನ್ನು ದಾಟಿದವನು ಎರಡನೆಯ ಘಟ್ಟದಲ್ಲಿ ಜಾಗವನ್ನೂ ಜನರನ್ನೂ ಅರಿಯುತ್ತಾನೆ, ಮೂರನೆಯದರಲ್ಲಿ ನೆಲೆಯೂರುತ್ತಾನೆ.

ಅದೇ ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿಗೆ ಬಂದರು. ಹೊಸ ಮಗ್ಗಗಳ ಶೆಡ್ಡಿನಲ್ಲಿ ಯಾರಿಗೆ ಯಾರು ಜೊತೆ ಎಂಬುದೇ ಸ್ಪಷ್ಟವಿರಲಿಲ್ಲ. ಅಲ್ಲಿಯ ಕೆಲಸಗಾರರು ಸಣ್ಣ ಸಣ್ಣ ತಂಡಗಳಾದರು. ಒಂದೊಂದು ತಂಡಕ್ಕೆ ಇಂತಿಷ್ಟು ಮಗ್ಗಗಳ ಹೊಣೆ. ‘ನಮ್ಮವರು’ ಎನ್ನಲು ನಾಲ್ಕು ಜನ ಸಿಕ್ಕಿದರು.

ಕಲಿಯದಿದ್ದರೆ ತಪ್ಪು ಯಾರದು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಯಂತ್ರವನ್ನೇ ಕಾಣದ ಲಕ್ಷಾಂತರ ಮಂದಿ ಬಂದರು. ಆಗ ಸರ್ಕಾರ ಮೊದಲು ಪಾಠ ಹೇಳಿದ್ದು ಅವರಿಗಲ್ಲ, ಅವರ ಮೇಲಿನ ಮೇಸ್ತ್ರಿಗಳಿಗೆ! 1940ರಿಂದ 1945ರವರೆಗೆ ನಡೆದ ಆ ಯೋಜನೆಯಲ್ಲಿ ತರಬೇತಿ ಪಡೆದವರು 16 ಲಕ್ಷಕ್ಕೂ ಹೆಚ್ಚು. ಕಲಿಸುವ ಕ್ರಮಕ್ಕೆ ನಾಲ್ಕೇ ಮೆಟ್ಟಿಲು: ಹೊಸಬನ ಅಳುಕು ಕಳೆಯುವುದು, ಕೆಲಸ ಮಾಡಿ ತೋರಿಸುವುದು, ಅವನ ಕೈಯಲ್ಲೇ ಮಾಡಿಸುವುದು, ಆಮೇಲೆ ಆಗಾಗ ಹೋಗಿ ನೋಡುವುದು. ಕಲಿಯುವವನು ಕಲಿಯದಿದ್ದರೆ ಕಲಿಸುವವನು ಕಲಿಸಿಲ್ಲ ಎಂಬುದೇ ಇದರ ಸಾರ.

ಈಗ ನಮ್ಮ ಗಾರ್ಮೆಂಟ್ಸ್ ಗೇಟಿಗೆ ಬನ್ನಿ. ಇಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಹಳ್ಳಿಯಿಂದ ಬಂದು, ಮನೆಯ ಹೊಲಿಗೆ ಯಂತ್ರವಷ್ಟನ್ನೇ ಕಂಡವಳು ಕರೆಂಟಿನ ವೇಗದ ಮೆಷಿನ್ ಮುಂದೆ ಕೂರುತ್ತಾಳೆ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಎದುರಿಗೇ ಇರುತ್ತದೆ. ದಾರ ತುಂಡಾದರೆ ಯಾರನ್ನು ಕೇಳಬೇಕು, ನೀರು ಎಲ್ಲಿದೆ, ಸಂಬಳದಲ್ಲಿ ಪಿ.ಎಫ್. ಎಂದು ಹಿಡಿದದ್ದು ಎಲ್ಲಿ ಹೋಯಿತು ಎಂದು ಹೇಳುವವರಿಲ್ಲದೆ, ಸೂಪರ್‌ವೈಸರ್ ಬೈಗುಳವೇ ಮೊದಲ ಪಾಠವಾದರೆ, ಸಂಬಳದ ಮರುದಿನ ಆ ಮೆಷಿನ್ ಖಾಲಿ ಕಂಡರೆ ಆಶ್ಚರ್ಯವೇನು?

ಅವಳು ಹೋದಾಗ ಕಂಪನಿಗೂ ನಷ್ಟ ತಪ್ಪಿದ್ದಲ್ಲ. ಕಲಿಸಿದ ದಿನಗಳ ಕೂಲಿ, ಹಾಳಾದ ಬಟ್ಟೆ, ನಿಂತ ಲೈನು ಎಲ್ಲಕ್ಕೂ ಬೆಲೆಯಿದೆ. ಆದರೆ ಲೆಕ್ಕದ ಪುಸ್ತಕದಲ್ಲಿ ಇದಕ್ಕೊಂದು ಕಾಲಂ ಇರುವುದಿಲ್ಲ. ಹೊಸಬಳ ಪಕ್ಕ ಒಬ್ಬ ಅನುಭವಿಯನ್ನು ಕೂರಿಸಿ, ಕಲಿಸುವಷ್ಟು ದಿನ ಆಕೆಯ ಟಾರ್ಗೆಟ್ ಇಳಿಸಿದರೆ ಆಗುವ ಖರ್ಚು ಅದಕ್ಕಿಂತ ಬಹಳ ಹೆಚ್ಚೇನೂ ಅಲ್ಲ. ಕೆಲಸ ಬಿಟ್ಟವಳನ್ನು ಬೈಯುವ ಮೊದಲು, ಆಕೆ ಬಂದ ಮೊದಲ ದಿನ ಅವಳೊಡನೆ ಮಾತಾಡಿದವರು ಯಾರು ಎಂದು ಮಾಲೀಕರು ಒಮ್ಮೆ ವಿಚಾರಿಸಲಿ. ಗೇಟಿನ ಬೋರ್ಡು ಇಳಿಯಬೇಕಾದರೆ ಅಲ್ಲಿಂದಲೇ ಆರಂಭವಾಗಬೇಕು.