ಪ್ರಮಾಣಪತ್ರ ಯಾವ ದೀಪದ್ದು?

ಪೆಟ್ರೋಲ್ ಬಂಕಿನಲ್ಲಿ ವಾಹನ ನಿಲ್ಲಿಸಿದಾಗ ನಮ್ಮೆಲ್ಲರ ಕಣ್ಣು ಹೋಗುವುದು ಯಂತ್ರದ ಮೇಲೆ ಉರುಳುವ ಅಂಕಿಗಳ ಕಡೆಗೆ. ಸೊನ್ನೆಯಿಂದ ಆರಂಭವಾಯಿತೇ, ಅಳತೆ ಸರಿಯಿದೆಯೇ ಎಂಬುದಷ್ಟೇ ನಮ್ಮ ಕಾಳಜಿ. ಆ ಯಂತ್ರದ ಒಳಗಿರುವ ಮೋಟಾರಿನ ಮೇಲೆ, ತಂತಿಗಳು ಕೂಡುವ ಪೆಟ್ಟಿಗೆಯ ಮೇಲೆ ಅಂಗೈಗಿಂತ ಚಿಕ್ಕದಾದ ಲೋಹದ ಫಲಕವೊಂದಿರುತ್ತದೆ. ಅದರಲ್ಲಿ ‘ಇ’ ಮತ್ತು ‘ಎಕ್ಸ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು, ಅವುಗಳ ಹಿಂದೆಯೇ ಸಂಕೇತಗಳ ಒಂದು ಸಾಲು, ಒಂದು ಪ್ರಮಾಣಪತ್ರದ ಸಂಖ್ಯೆ. ಗ್ರಾಹಕರು ಅದನ್ನು ನೋಡುವ ಸಂದರ್ಭವೇ ಬರುವುದಿಲ್ಲ. ಆದರೆ ಬಂಕಿನಲ್ಲಿ ನಾವು ನಿಶ್ಚಿಂತೆಯಿಂದ ನಿಂತಿರುವುದು ಆ ಸಾಲಿನ ಭರವಸೆಯ ಮೇಲೆ.

ಪೆಟ್ರೋಲಿನ ಆವಿ ಗಾಳಿಯಲ್ಲಿ ಸುಮಾರು ಶೇ 1.4ರಿಂದ ಶೇ 7.6ರವರೆಗೆ ಬೆರೆತಿದ್ದರೆ ಅದು ಸ್ಫೋಟಕ ಮಿಶ್ರಣ. ಅದನ್ನು ಹೊತ್ತಿಸಲು ಒಂದು ಮಿಲಿಜೂಲಿಗೂ ಕಡಿಮೆ ಶಕ್ತಿಯ ಕಿಡಿ ಸಾಕು. ಮನೆಯಲ್ಲಿ ನಾವು ಒತ್ತುವ ಸಾಮಾನ್ಯ ಸ್ವಿಚ್ಚು ಪ್ರತಿ ಬಾರಿಯೂ ಅದಕ್ಕಿಂತ ದೊಡ್ಡ ಕಿಡಿಯನ್ನು ಉಂಟುಮಾಡುತ್ತದೆ. ಹೀಗಿರುವಾಗ ಪೆಟ್ರೋಲ್, ಮದ್ಯಸಾರ, ಅನಿಲಗಳ ನಡುವೆ ವಿದ್ಯುತ್ತನ್ನು ಬಳಸುವುದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಕಲ್ಲಿದ್ದಲ ಗಣಿಗಳು. ಸರ್ ಹಂಫ್ರಿ ಡೇವಿ 1815ರಲ್ಲಿ ಗಣಿಯ ದೀಪದ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಸುತ್ತಿದಾಗ ತೋರಿಸಿದ್ದು ಇಷ್ಟೇ: ಜ್ವಾಲೆ ಕಿರಿದಾದ ಲೋಹದ ದಾರಿಯಲ್ಲಿ ಹಾಯುವಾಗ ತಣಿದು ಸಾಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಗೆಲ್ಸೆನ್‌ಕಿರ್ಶೆನ್‌ನಲ್ಲಿ ಕಾರ್ಲ್ ಬೈಲಿಂಗ್ ಇದೇ ತತ್ತ್ವವನ್ನು ವಿದ್ಯುತ್ ಮೋಟಾರಿನ ಕವಚಕ್ಕೆ ಅನ್ವಯಿಸಿದರು. ಜ್ವಾಲಾನಿರೋಧಕ ಪೆಟ್ಟಿಗೆ ಎಂದರೆ ಅನಿಲ ಒಳಹೋಗದ ಪೆಟ್ಟಿಗೆ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವ ಅದಕ್ಕೆ ತದ್ವಿರುದ್ಧ. ಅನಿಲ ಒಳಗೆ ಬರಲಿ, ಕಿಡಿ ತಗುಲಿ ಸಿಡಿಯಲಿ, ಆದರೆ ಹೊರಹೋಗುವಾಗ ಬೆಂಕಿಯಾಗಿ ಹೋಗದಿರಲಿ ಎಂಬುದು ಇಲ್ಲಿನ ಯೋಜನೆ. ಆದ್ದರಿಂದ ಪೆಟ್ಟಿಗೆಯ ಗೋಡೆ ಒಳಗಿನ ಸ್ಫೋಟದ ಒತ್ತಡವನ್ನು ತಡೆಯುವಷ್ಟು ದಪ್ಪವಿರಬೇಕು. ಮುಚ್ಚಳ ಕೂಡುವ ಸಂದಿ ಬಿಸಿ ಅನಿಲವನ್ನು ತಣಿಸುವಷ್ಟು ಉದ್ದವೂ ಕಿರಿದೂ ಆಗಿರಬೇಕು. ಪ್ರಯೋಗಾಲಯದ ಅಳತೆಯಲ್ಲಿ ಜ್ವಾಲೆ ದಾಟಲಾರದ ಸಂದಿಯ ಮಿತಿ ಮೀಥೇನಿಗೆ 1.14 ಮಿಲಿಮೀಟರ್, ಜಲಜನಕಕ್ಕೆ ಕೇವಲ 0.29 ಮಿಲಿಮೀಟರ್. ಗಣಿಗೆಂದು ಮಾಡಿದ ಪೆಟ್ಟಿಗೆ ಜಲಜನಕವಿರುವ ಕಾರ್ಖಾನೆಗೆ ಏಕೆ ಸಲ್ಲದು ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕು.

ಎರಡನೆಯ ಮಾರ್ಗ ಕಿಡಿಯನ್ನೇ ದುರ್ಬಲಗೊಳಿಸುವುದು. ವೇಲ್ಸ್ ಪ್ರಾಂತ್ಯದ ಸೆಂಘೆನಿಡ್ ಗಣಿಯಲ್ಲಿ 14 ಅಕ್ಟೋಬರ್ 1913ರಂದು ಸ್ಫೋಟ ಸಂಭವಿಸಿ 439 ಕಾರ್ಮಿಕರೂ ರಕ್ಷಣೆಗೆ ಇಳಿದ ಒಬ್ಬರೂ ಸತ್ತರು. ಕಾರಣ ನಿಶ್ಚಿತವಾಗಿ ಸಾಬೀತಾಗಲಿಲ್ಲ. ಸಂಶಯ ಬಿದ್ದ ವಸ್ತುಗಳಲ್ಲೊಂದು, ಬ್ಯಾಟರಿಯಿಂದ ನಡೆಯುವ ಸಂಕೇತದ ಗಂಟೆ. ಇಷ್ಟು ಕಡಿಮೆ ವೋಲ್ಟೇಜಿನ ಗಂಟೆಯಿಂದ ಏನಾದೀತು ಎಂದು ಅಲ್ಲಿಯವರೆಗೆ ನಂಬಲಾಗಿತ್ತು. ವೀಲರ್, ಥಾರ್ನ್‌ಟನ್ ಮೊದಲಾದ ವಿಜ್ಞಾನಿಗಳು ನಡೆಸಿದ ಪ್ರಯೋಗಗಳು ಆ ನಂಬಿಕೆಯನ್ನು ಸುಳ್ಳಾಗಿಸಿದವು. ಮಂಡಲದಲ್ಲಿ ಹರಿಯುವ ಶಕ್ತಿಗೇ ಮಿತಿ ಹಾಕಿ, ತಂತಿ ಕಡಿದರೂ ಹೊತ್ತಿಸಲಾರದಂತೆ ಮಾಡುವ ‘ಆಂತರಿಕ ಸುರಕ್ಷತೆ’ಯ ಪರಿಕಲ್ಪನೆ ಬೆಳೆದದ್ದು ಅಲ್ಲಿಂದ. ಅರ್ಥಶಾಸ್ತ್ರ ಓದಿದವನಿಗೆ ಆ ಪ್ರಕರಣದ ಇನ್ನೊಂದು ಅಂಕಿ ಮನಸ್ಸಿನಲ್ಲಿ ಉಳಿಯುತ್ತದೆ. ನಿಯಮಗಳ ಉಲ್ಲಂಘನೆಗಾಗಿ ಗಣಿಯ ವ್ಯವಸ್ಥಾಪಕನಿಗೆ ಬಿದ್ದ ದಂಡ 24 ಪೌಂಡ್. ಭಾಗಿಸಿ ನೋಡಿದರೆ ಜೀವವೊಂದಕ್ಕೆ ಒಂದು ಶಿಲಿಂಗ್ ಮತ್ತು ಸುಮಾರು ಒಂದು ಪೆನ್ನಿ.

ನಮ್ಮಲ್ಲಿಯೂ ಈ ವಿದ್ಯೆ ಮೊದಲು ನೆಲೆಯೂರಿದ್ದು ಕಲ್ಲಿದ್ದಲ ನಾಡಿನಲ್ಲಿ. 28 ಮೇ 1965ರಂದು ಈಗಿನ ಜಾರ್ಖಂಡಿನ ಧೋರಿ ಗಣಿಯಲ್ಲಿ 268 ಜನರನ್ನು ಬಲಿ ತೆಗೆದುಕೊಂಡಿದ್ದು ಕಲ್ಲಿದ್ದಲ ಧೂಳಿನ ಸ್ಫೋಟ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಧನಬಾದಿನಲ್ಲಿದೆ. ಉಪಕರಣಗಳನ್ನು ಪರೀಕ್ಷಿಸುವ ಕೇಂದ್ರೀಯ ಗಣಿಗಾರಿಕೆ ಮತ್ತು ಇಂಧನ ಸಂಶೋಧನಾ ಸಂಸ್ಥೆಯೂ ಅಲ್ಲಿಯೇ ಇದೆ. ಪರೀಕ್ಷೆ ನೋಡತಕ್ಕದ್ದು. ತಯಾರಕರು ಒಪ್ಪಿಸಿದ ಮಾದರಿಯೊಳಗೆ ಸ್ಫೋಟಕ ಮಿಶ್ರಣ ತುಂಬುತ್ತಾರೆ. ಅದರ ಸುತ್ತಲೂ ಅಂಥದೇ ಮಿಶ್ರಣ. ಬಳಿಕ ಒಳಗೆ ಕಿಡಿ ಹಾರಿಸುತ್ತಾರೆ. ಹೊರಗಿನದು ಹೊತ್ತಿಕೊಂಡರೆ ಮಾದರಿ ಅನುತ್ತೀರ್ಣ. ಇದಲ್ಲದೆ ಗಾಜಿನ ಮೇಲೆ ತೂಕ ಬೀಳಿಸುವ, ಕಾದ ಗಾಜಿಗೆ ತಣ್ಣೀರು ಸಿಂಪಡಿಸುವ, ಮೇಲ್ಮೈಯ ಉಷ್ಣತೆ ಅಳೆಯುವ ಪರೀಕ್ಷೆಗಳಿವೆ. ಪೆಟ್ರೋಲಿಯಂ ನೆಲೆಗಳಲ್ಲಿ ಬಳಸುವ ಉಪಕರಣವಾದರೆ, ಈ ವರದಿಯ ಆಧಾರದ ಮೇಲೆ ಅನುಮೋದನೆ ನೀಡುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. 1898ರಷ್ಟು ಹಿಂದೆ ಸ್ಥಾಪನೆಯಾದ ಇಲಾಖೆಯ ಇಂದಿನ ರೂಪ ಅದು.

ಇಷ್ಟರಮಟ್ಟಿಗೆ ವ್ಯವಸ್ಥೆ ಗಟ್ಟಿಯಾಗಿದೆ, ನನಗೆ ಅದರ ಬಗ್ಗೆ ಗೌರವವೂ ಇದೆ. ನನ್ನ ತಕರಾರಿರುವುದು ಮುಂದಿನ ಹಂತದ ಬಗ್ಗೆ. ಪರೀಕ್ಷೆಗೆ ಒಳಗಾದದ್ದು ಒಂದು ಮಾದರಿ, ಒಂದು ನಕ್ಷೆ. ಗೋದಾಮಿನ ಗೋಡೆಗೆ ಏರುವುದು ಸಾವಿರದಲ್ಲೊಂದು ಪ್ರತಿ. ಅವೆರಡೂ ಒಂದೇ ಎಂದು ಖಾತರಿಪಡಿಸುವವರು ಯಾರು?

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತದ್ದು. ಸರಕಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದರೆ ಕೊಳ್ಳುವವನು ಒಳ್ಳೆಯದಕ್ಕೂ ಹೆಚ್ಚು ಬೆಲೆ ಕೊಡನು. ಕ್ರಮೇಣ ಒಳ್ಳೆಯ ಸರಕೇ ಮಾರುಕಟ್ಟೆ ಬಿಟ್ಟು ಹೋಗುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರದ ಪಾಲು ತಂದ ಈ ವಾದಕ್ಕೆ ಜ್ವಾಲಾನಿರೋಧಕ ದೀಪಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಳೆಯ ಕಾರನ್ನು ಒಂದು ಸುತ್ತು ಓಡಿಸಿಯಾದರೂ ನೋಡಬಹುದು. ಈ ದೀಪದ ನಿಜವಾದ ಗುಣ ತಿಳಿಯಬೇಕಾದರೆ ಅದರೊಳಗೆ ಸ್ಫೋಟವನ್ನೇ ಮಾಡಬೇಕು. ಮೇಲೆ ಥಳುಕು ಒಳಗೆ ಹುಳುಕು ಎಂಬುದು ಇಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಪ್ರಮಾಣಪತ್ರ ಬೇಕಾಯಿತು. ಅದರ ಪಕ್ಕದಲ್ಲಿಯೇ ನಮ್ಮ ಸರ್ಕಾರಿ ಖರೀದಿಯ ‘ಎಲ್-1’, ಅಂದರೆ ಅತಿ ಕಡಿಮೆ ದರದವನಿಗೆ ಗುತ್ತಿಗೆ ಎಂಬ ಸಂಪ್ರದಾಯವೂ ಕುಳಿತಿದೆ. ಎರಡೂ ಕಾಗದಗಳು ಒಂದೇ ಕಡತದಲ್ಲಿದ್ದಾಗ ಯಾವುದಕ್ಕೆ ತೂಕ ಹೆಚ್ಚು ಎಂಬುದನ್ನು ಖರೀದಿ ಸಮಿತಿಗಳಲ್ಲಿ ಕುಳಿತವರೆಲ್ಲ ಬಲ್ಲರು.

ಸೇವೆಯಲ್ಲಿದ್ದಾಗ ಅಂಥದೊಂದು ಸಮಿತಿಯಲ್ಲಿ ನಾನಿದ್ದೆ. ಮದ್ಯಸಾರ ಸಂಗ್ರಹಿಸುವ ಗೋದಾಮೊಂದಕ್ಕೆ ಸ್ಟೋರಿನವರ ಭಾಷೆಯಲ್ಲಿ ‘ಎಫ್‌ಎಲ್‌ಪಿ ಫಿಟಿಂಗ್’ಗಳು ಬೇಕಾಗಿದ್ದವು. ಅತಿ ಕಡಿಮೆ ದರ ನಮೂದಿಸಿದ್ದ ಸರಬರಾಜುದಾರ ಪರೀಕ್ಷಾ ವರದಿ, ಅನುಮೋದನೆ ಎಲ್ಲವನ್ನೂ ಲಗತ್ತಿಸಿದ್ದ. ಕಡತ ನನ್ನ ಮಟ್ಟಿಗೆ ಅಚ್ಚುಕಟ್ಟಾಗಿತ್ತು. ಮಾದರಿಯನ್ನು ಮೇಜಿನ ಮೇಲಿಟ್ಟಾಗ, ಕೊನೆಯ ಕುರ್ಚಿಯಲ್ಲಿದ್ದ ವಿದ್ಯುತ್ ವಿಭಾಗದ ಮೇಲ್ವಿಚಾರಕರು ಫಲಕವನ್ನೂ ಕಾಗದವನ್ನೂ ಹೋಲಿಸಿ ನೋಡಿ, “ಸಾರ್, ಸರ್ಟಿಫಿಕೇಟೇನೋ ಸರಿಯಾಗಿದೆ, ಆದರೆ ಅದು ಈ ದೀಪದ್ದಲ್ಲ” ಎಂದರು. ಪತ್ರವಿದ್ದುದು ಕಡಿಮೆ ವ್ಯಾಟಿನ ದೀಪಕ್ಕೆ, ಕೊಡಹೊರಟಿದ್ದು ಅದಕ್ಕಿಂತ ಹೆಚ್ಚಿನದು. “ಮಾಡೆಲ್ ಅದೇ ಸಾರ್, ಬಲ್ಬು ಮಾತ್ರ ದೊಡ್ಡದು” ಎಂಬುದು ಸರಬರಾಜುದಾರನ ಸಮಜಾಯಿಷಿ.

ಆ ‘ಮಾತ್ರ’ದಲ್ಲಿಯೇ ಎಲ್ಲವೂ ಅಡಗಿದೆ. ಕಿಡಿಯೇ ಇಲ್ಲದೆ ಬರೀ ಕಾದ ಮೇಲ್ಮೈಯೂ ಆವಿಯನ್ನು ಹೊತ್ತಿಸಬಲ್ಲದು. ಅದಕ್ಕಾಗಿಯೇ ಫಲಕದ ಮೇಲೆ ಟಿ-1ರಿಂದ ಟಿ-6ರವರೆಗಿನ ಉಷ್ಣತಾ ವರ್ಗವನ್ನು ನಮೂದಿಸುವುದು. ಟಿ-1 ಆದರೆ ಮೇಲ್ಮೈ 450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಹುದು, ಟಿ-6 ಆದರೆ 85 ಡಿಗ್ರಿ ಮೀರಕೂಡದು. ಬಲ್ಬು ದೊಡ್ಡದಾದರೆ ಗಾಜಿನ ಬಿಸಿ ಬೇರೆ, ವರ್ಗ ಬೇರೆ, ಅಂದಮೇಲೆ ಪ್ರಮಾಣಪತ್ರವೂ ಬೇರೆ. ಸಮಿತಿ ಆ ದರವನ್ನು ತಿರಸ್ಕರಿಸಿತು. ಕಡಿಮೆ ದರ ಬಿಟ್ಟದ್ದೇಕೆ ಎಂದು ಮುಂದೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂತು. ಮೇಲ್ವಿಚಾರಕರ ಒಂದೂವರೆ ಪುಟದ ಟಿಪ್ಪಣಿಯೇ ಅದಕ್ಕೆ ಉತ್ತರವಾಯಿತು. ಅವರು ಆ ದಿನ ರಜೆಯಲ್ಲಿದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಸರಿಯಾದ ಪೆಟ್ಟಿಗೆಯನ್ನೇ ಕೊಂಡೆವೆನ್ನೋಣ. ಗೋಡೆಗೆ ಏರಿದ ಮರುದಿನದಿಂದ ಅದು ಪ್ರಯೋಗಾಲಯದ ಮಾದರಿಯಿಂದ ದೂರ ಸರಿಯತೊಡಗುತ್ತದೆ. ಮುಚ್ಚಳಕ್ಕೆ ಹನ್ನೆರಡು ಬೋಲ್ಟುಗಳಿದ್ದರೆ, ದುರಸ್ತಿಗೆಂದು ತೆರೆದವನು ಎಂಟನ್ನು ಹಾಕಿ ಉಳಿದವನ್ನು ಮುಂದಿನ ಸಲಕ್ಕೆ ಬಿಡುತ್ತಾನೆ. ಕರಾವಳಿಯ ಉಪ್ಪುಗಾಳಿಗೆ ಸಂದಿಯ ಮುಖ ತುಕ್ಕು ಹಿಡಿಯುತ್ತದೆ. ಅದನ್ನು ಉಪ್ಪುಕಾಗದದಿಂದ ಉಜ್ಜಿ ಹೊಳಪು ಬರಿಸುವುದು ಶ್ರದ್ಧೆಯ ಕೆಲಸವಾಗಿ ಕಾಣುತ್ತದೆ, ಆದರೆ ಸಂದಿ ಅಷ್ಟರಮಟ್ಟಿಗೆ ಅಗಲವಾಗುತ್ತದೆ. ಮಳೆನೀರು ಒಳಗೆ ಇಳಿಯದಿರಲೆಂದು ರಬ್ಬರ್ ವಾಷರ್ ಇಡುವವರಿದ್ದಾರೆ. ಲೋಹಕ್ಕೆ ಲೋಹ ತಾಗಿ ಜ್ವಾಲೆಯನ್ನು ತಣಿಸಬೇಕಾದ ಜಾಗದಲ್ಲಿ ರಬ್ಬರು ಬಂದು ಕುಳಿತರೆ, ಪೆಟ್ಟಿಗೆ ಜ್ವಾಲಾನಿರೋಧಕವಾಗಿ ಉಳಿಯುವುದಿಲ್ಲ. ಇನ್ನೊಂದು ತಂತಿ ಎಳೆಯಲು ತೂತು ಕೊರೆದು, ಸಾಮಾನ್ಯ ಗ್ಲ್ಯಾಂಡ್ ಹಾಕಿದರಂತೂ ಮುಗಿದೇ ಹೋಯಿತು. ಇವುಗಳಲ್ಲಿ ಯಾವುದೂ ದುರುದ್ದೇಶದಿಂದ ನಡೆಯುವುದಲ್ಲ. ಫಲಕ ಮಾತ್ರ ಮೊದಲಿನಂತೆಯೇ ಮಿನುಗುತ್ತಿರುತ್ತದೆ, ತಪಾಸಣೆಗೆ ಬಂದವರು ಅದರ ಸಂಖ್ಯೆಯನ್ನು ಬರೆದುಕೊಂಡು ಹೋಗುತ್ತಾರೆ.

ಪ್ರಮಾಣಪತ್ರದ ಇನ್ನೊಂದು ಮಿತಿಯನ್ನು ಜೈಪುರ ತೋರಿಸಿಕೊಟ್ಟಿತು. 29 ಅಕ್ಟೋಬರ್ 2009ರ ಸಂಜೆ ಸೀತಾಪುರದ ಇಂಡಿಯನ್ ಆಯಿಲ್ ಡಿಪೋದಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಸೋರಿದ ಪೆಟ್ರೋಲಿನ ಆವಿ ಇಡೀ ಆವರಣವನ್ನು ವ್ಯಾಪಿಸಿ ಸ್ಫೋಟಿಸಿತು. 11 ಜನ ಸತ್ತರು, ಬೆಂಕಿ ದಿನಗಟ್ಟಲೆ ಉರಿಯಿತು. ತನಿಖೆ ನಡೆಸಿದ ಎಂ.ಬಿ. ಲಾಲ್ ಸಮಿತಿ, ಕಿಡಿಯ ಸಂಭವನೀಯ ಮೂಲಗಳಾಗಿ ಹೆಸರಿಸಿದ್ದು ಎರಡನ್ನು: ಆಡಳಿತ ಕಟ್ಟಡದಲ್ಲಿದ್ದ, ಜ್ವಾಲಾನಿರೋಧಕವಲ್ಲದ ವಿದ್ಯುತ್ ಉಪಕರಣ ಅಥವಾ ಆವರಣದಲ್ಲಿ ಚಾಲನೆ ಮಾಡಿದ ವಾಹನ. ಇಂಥ ನೆಲೆಗಳಲ್ಲಿ ಅಪಾಯದ ವಲಯಗಳನ್ನು ನಕ್ಷೆಯ ಮೇಲೆ ಗುರುತಿಸಿ, ವಲಯದೊಳಗೆ ಮಾತ್ರ ವಿಶೇಷ ಉಪಕರಣ ಹಾಕುವುದು ಜಗತ್ತಿನಾದ್ಯಂತ ಇರುವ ಪದ್ಧತಿ. ಕಚೇರಿ ಕಟ್ಟಡ ಸಾಮಾನ್ಯವಾಗಿ ಆ ಗೆರೆಯ ಹೊರಗಿರುತ್ತದೆ. ಆವಿ ನಕ್ಷೆಯನ್ನು ಓದುವುದಿಲ್ಲ. ಅಷ್ಟು ದೊಡ್ಡ ಸೋರಿಕೆಯನ್ನು ತಡೆಯಬೇಕಾದವು ಕವಾಟಗಳು, ಎಚ್ಚರಿಕೆಯ ಸಾಧನಗಳು. ದೀಪದ ಪೆಟ್ಟಿಗೆಯಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಕರ್ನಾಟಕದ ಸಕ್ಕರೆ ಜಿಲ್ಲೆಗಳಲ್ಲಿ ಎಥೆನಾಲ್ ಘಟಕಗಳೂ ಸಂಗ್ರಹಾಗಾರಗಳೂ ಬೆಳೆದಿವೆ. ರೈತನಿಗೆ ಇದರಿಂದ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮುಚ್ಚಿದ ಟ್ಯಾಂಕಿನಲ್ಲಿ ಪೆಟ್ರೋಲಿನ ಮೇಲಿರುವ ಆವಿ ನಮ್ಮ ಹವೆಯಲ್ಲಿ ಎಷ್ಟು ದಟ್ಟವಾಗಿರುತ್ತದೆಂದರೆ, ಗಾಳಿ ಸಾಲದೆ ಅದು ಹೊತ್ತಿಕೊಳ್ಳುವುದೇ ಕಷ್ಟ. ಶುದ್ಧ ಎಥೆನಾಲಿನ ವಿಷಯ ಹಾಗಲ್ಲ. ಸುಮಾರು 13 ಡಿಗ್ರಿಯಿಂದ 40 ಡಿಗ್ರಿಯವರೆಗೆ, ಅಂದರೆ ಬೆಳಗಾವಿಯಲ್ಲಾಗಲಿ ಮಂಡ್ಯದಲ್ಲಾಗಲಿ ವರ್ಷದ ಬಹುತೇಕ ದಿನಗಳಲ್ಲಿ, ಅದರ ಟ್ಯಾಂಕಿನೊಳಗಿನ ಆವಿ ಸ್ಫೋಟಕ ಮಿತಿಯ ಒಳಗೇ ಇರುತ್ತದೆ. ಸಕ್ಕರೆಯ ಧೂಳಿನದು ಮತ್ತೊಂದು ಕಥೆ. ಅಮೆರಿಕದ ಜಾರ್ಜಿಯಾ ರಾಜ್ಯದ ಸಕ್ಕರೆ ಸಂಸ್ಕರಣಾಗಾರದಲ್ಲಿ 2008ರಲ್ಲಿ ಧೂಳು ಸಿಡಿದು 14 ಜನ ಸತ್ತರು. ಅಲ್ಲಿ ಹೆಚ್ಚಿನ ಸಂಶಯ ಬಿದ್ದದ್ದು ವಿದ್ಯುತ್ತಿನ ಮೇಲಲ್ಲ, ಕಾದ ಬೇರಿಂಗಿನ ಮೇಲೆ.

ಏನು ಮಾಡಬೇಕು? ಅಂತರರಾಷ್ಟ್ರೀಯ ಎಲೆಕ್ಟ್ರೊಟೆಕ್ನಿಕಲ್ ಆಯೋಗದ ವ್ಯವಸ್ಥೆಯಲ್ಲಿ ಉಪಕರಣಕ್ಕೆ ಮಾತ್ರವಲ್ಲದೆ ದುರಸ್ತಿ ಮಾಡುವ ಕಾರ್ಯಾಗಾರಕ್ಕೂ, ಕೆಲಸ ಮಾಡುವ ವ್ಯಕ್ತಿಯ ಪರಿಣತಿಗೂ ಪ್ರತ್ಯೇಕ ಪ್ರಮಾಣಪತ್ರಗಳಿವೆ. ಅಳವಡಿಕೆ, ತಪಾಸಣೆ, ದುರಸ್ತಿಗೆ ಬೇರೆ ಬೇರೆ ಮಾನದಂಡಗಳೇ ಇವೆ. ಪೆಟ್ಟಿಗೆಗೆ ಹಾಕುವ ಮುದ್ರೆಯಷ್ಟೇ ಕಡ್ಡಾಯವಾಗಿ ಅದನ್ನು ತೆರೆಯುವ ಕೈಗೂ ಪರೀಕ್ಷೆ ಇರಬೇಕೆಂಬುದು ನನ್ನ ಅಭಿಪ್ರಾಯ. ಮೊದಲ ಹೆಜ್ಜೆಯಾಗಿ ಎಥೆನಾಲ್ ಘಟಕಗಳಿಂದಲೇ ಆರಂಭಿಸಬಹುದು. ಬಂಕುಗಳಿಗೆ ಜಿಲ್ಲಾಡಳಿತ ನಿರಾಕ್ಷೇಪಣಾ ಪತ್ರ ಕೊಡುತ್ತಿದ್ದಾಗ ಪೊಲೀಸ್, ಅಗ್ನಿಶಾಮಕ, ಲೋಕೋಪಯೋಗಿ ಇಲಾಖೆಗಳ ವರದಿಗಳನ್ನು ತರಿಸಿ ಓದುವುದು ನನ್ನ ಕೆಲಸದ ಭಾಗವಾಗಿತ್ತು. ರಸ್ತೆಯಂಚಿನಿಂದ ಎಷ್ಟು ದೂರ, ಶಾಲೆ ಎಲ್ಲಿದೆ ಎಂಬುದೆಲ್ಲ ಅವುಗಳಲ್ಲಿರುತ್ತಿತ್ತು. ಹತ್ತು ವರ್ಷದ ನಂತರ ಆ ಪೆಟ್ಟಿಗೆಯ ಮುಚ್ಚಳವನ್ನು ಯಾರು ತೆರೆಯುತ್ತಾರೆ ಎಂದು ಕೇಳುವ ಕಾಲಂ ಯಾವ ನಮೂನೆಯಲ್ಲಿಯೂ ನಾನು ಕಾಣಲಿಲ್ಲ. ಖರ್ಚಿನ ಮಾತು ಬರುತ್ತದೆಂದು ಬಲ್ಲೆ. ಮಾರುಕಟ್ಟೆಯಿಂದ ವರ್ಷಕ್ಕೆ ಒಂದಿಷ್ಟು ಪೆಟ್ಟಿಗೆಗಳನ್ನು ಕೊಂಡು ಮರುಪರೀಕ್ಷೆಗೆ ಕಳುಹಿಸಿ ಫಲಿತಾಂಶವನ್ನು ಹೆಸರು ಸಮೇತ ಪ್ರಕಟಿಸಲು, ಒಂದು ಎಥೆನಾಲ್ ಘಟಕದ ಬಂಡವಾಳದ ಮುಂದೆ ಲೆಕ್ಕಕ್ಕೇ ಸಿಗದಷ್ಟು ಹಣ ಸಾಕು.

ಅದಕ್ಕಿಂತಲೂ ಅಗ್ಗದ ಕೆಲಸವೊಂದಿದೆ. ವಿದ್ಯುತ್ ಹರಿಯುತ್ತಿರುವಾಗ ತೆರೆಯಬಾರದು ಎಂಬ ಎಚ್ಚರಿಕೆಯನ್ನು ಈ ಪೆಟ್ಟಿಗೆಗಳ ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ತೆರೆಯುವವನು ಜಮಖಂಡಿಯ ಐಟಿಐ ಹುಡುಗನಿರಬಹುದು, ಗುತ್ತಿಗೆದಾರ ಬೆಳಿಗ್ಗೆಯಷ್ಟೇ ಕರೆತಂದ ಸಹಾಯಕನಿರಬಹುದು. ಅದೇ ಎಚ್ಚರಿಕೆಯನ್ನು, ಬೋಲ್ಟುಗಳೆಷ್ಟು ಎಂಬುದರ ಸಮೇತ, ಕನ್ನಡದಲ್ಲಿ ಬರೆದು ಪಕ್ಕದ ಗೋಡೆಗೆ ತಗುಲಿಸಬೇಕು. ಗೋಡೆಗೇ ತಗುಲಿಸಬೇಕು, ಫಲಕ ಕೂರಿಸಲೆಂದು ಪೆಟ್ಟಿಗೆಗೆ ತೂತು ಕೊರೆದರೆ ಪ್ರಮಾಣಪತ್ರ ಅಲ್ಲಿಗೇ ರದ್ದಾದಂತೆ.