ಕೊನೆಯ ಮದ್ದಿಗೂ ಬಗ್ಗದ ಬ್ಯಾಕ್ಟೀರಿಯಾ

ಬ್ಯಾಕ್ಟೀರಿಯಾ ಎರಡಾಗಿ ಒಡೆಯುವ ಮೊದಲು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ. ಆ ನಕಲಿನಲ್ಲಿ ತಿದ್ದದೆ ಉಳಿದುಹೋಗುವ ತಪ್ಪೇ ಉತ್ಪರಿವರ್ತನೆ, ಅಂದರೆ ಮ್ಯುಟೇಶನ್. ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳಿವೆ. ಇಷ್ಟನ್ನೂ ನಕಲು ಮಾಡುವಾಗ ತಪ್ಪು ಉಳಿಯುವುದು ತೀರ ಅಪರೂಪ. ಆದರೆ ಸೋಂಕು ಬಲಿತ ದೇಹದಲ್ಲಿ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ಇರುವುದರಿಂದ ಅಪರೂಪದ ತಪ್ಪಿಗೂ ಅಲ್ಲಿ ಬರವಿಲ್ಲ. ಅಂಥ ಒಂದು ತಪ್ಪು ಬ್ಯಾಕ್ಟೀರಿಯಾವನ್ನು ಔಷಧಿಯಿಂದ ಪಾರುಮಾಡಲೂಬಹುದು.

ಜನ ಎಡವುವುದು ಇಲ್ಲಿಂದ ಮುಂದಕ್ಕೆ. “ಮಾತ್ರೆ ನುಂಗಿ ನುಂಗಿ ಮೈಗೆ ಒಗ್ಗಿಹೋಗಿದೆ” ಎನ್ನುವವರಿದ್ದಾರೆ. ಬದಲಾದದ್ದು ಮೈಯಲ್ಲ, ಒಳಗಿರುವ ಬ್ಯಾಕ್ಟೀರಿಯಾಗಳ ಪೀಳಿಗೆ. ಅದನ್ನು ಒಪ್ಪಿದವರೂ “ಔಷಧಿಯನ್ನು ಕಂಡು ಅದು ಪಾರಾಗುವ ದಾರಿ ಕಲಿಯಿತು” ಎನ್ನುತ್ತಾರೆ. ಅದೂ ಸರಿಯಲ್ಲ. ವಿಜ್ಞಾನಿಗಳಾದ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ 1952ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿತು. ಬ್ಯಾಕ್ಟೀರಿಯಾ ಬೆಳೆದ ತಟ್ಟೆಯನ್ನು ಮಖಮಲ್ ಬಟ್ಟೆಗೆ ಒತ್ತಿ, ಆ ಅಚ್ಚನ್ನು ಔಷಧಿ ಬೆರೆತ ಹಲವು ತಟ್ಟೆಗಳಿಗೆ ಒತ್ತಿದರು. ಬದುಕುಳಿದವು ಎಲ್ಲ ತಟ್ಟೆಗಳಲ್ಲೂ ಅದದೇ ಜಾಗದಲ್ಲಿ ಕಾಣಿಸಿಕೊಂಡವು! ಅಂದರೆ ಔಷಧಿಯ ಸುಳಿವೇ ಇಲ್ಲದ ಮೂಲ ತಟ್ಟೆಯಲ್ಲಿ ಅವು ಆಗಲೇ ಇದ್ದವು. ಮ್ಯುಟೇಶನ್ ಮೊದಲು, ಔಷಧಿ ಆಮೇಲೆ. ಔಷಧಿ ಮಾಡುವುದು ಆಯ್ಕೆಯನ್ನು ಮಾತ್ರ.

ಈಗ ಶೀರ್ಷಿಕೆಯ ಕೊನೆಯ ಮದ್ದಾದ ಕೊಲಿಸ್ಟಿನ್‌ಗೆ ಬರೋಣ. 1940ರ ದಶಕದ ಕೊನೆಗೆ ಜಪಾನಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾವೊಂದರಿಂದ ದೊರೆತ ಔಷಧಿ ಇದು. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ವೈದ್ಯರು ಇದನ್ನು ಬದಿಗಿಟ್ಟಿದ್ದರು. ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ಕಾರ್ಬಪೆನಮ್ ಎಂಬ ಪ್ರಬಲ ಔಷಧಿಗಳಿಗೂ ಬಗ್ಗದೆ ಹೋದಾಗ, ಬೇರೆ ಗತಿಯಿಲ್ಲದೆ ಮತ್ತೆ ಕೈಗೆತ್ತಿಕೊಂಡರು.

ಇದರ ಕೆಲಸ ನಿಂತಿರುವುದು ವಿದ್ಯುದಂಶದ ಮೇಲೆ. ಈ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಲಿಪಿಡ್-ಎ ಎಂಬ ಅಣುಗಳಿವೆ. ಅವುಗಳ ಫಾಸ್ಫೇಟ್‌ಗಳದ್ದು ಋಣ ವಿದ್ಯುದಂಶ. ಒಂದನ್ನೊಂದು ದೂಡುವ ಆ ಅಣುಗಳನ್ನು ಧನ ವಿದ್ಯುದಂಶದ ಮೆಗ್ನೀಸಿಯಮ್, ಕ್ಯಾಲ್ಸಿಯಮ್‌ಗಳು ಹಿಡಿದಿಡುತ್ತವೆ. ಕೊಲಿಸ್ಟಿನ್‌ ಕೂಡ ಧನವೇ. ಅದು ಮೆಗ್ನೀಸಿಯಮ್, ಕ್ಯಾಲ್ಸಿಯಮ್‌ಗಳನ್ನು ತಳ್ಳಿ ಲಿಪಿಡ್-ಎಗೆ ಅಂಟಿಕೊಂಡರೆ ಪೊರೆಯ ಕಟ್ಟು ಸಡಿಲವಾಗಿ ಬ್ಯಾಕ್ಟೀರಿಯಾ ಸಾಯುತ್ತದೆ.

ಕ್ಲೆಬ್ಸಿಯೆಲ್ಲಾದಲ್ಲಿ ಫಾಸ್ಫೇಟ್‌ನ ಋಣವನ್ನು ಮುಚ್ಚಿಹಾಕುವ ಏರ್ಪಾಡು ಮೊದಲಿನಿಂದಲೂ ಇದೆ. ಮೆಗ್ನೀಸಿಯಮ್ ಕಡಿಮೆಯಾದಾಗ ಫೋಕ್ಯೂ ಎಂಬ ಪ್ರೋಟೀನು ಅದನ್ನು ಗ್ರಹಿಸಿ, ಲಿಪಿಡ್-ಎಗೆ ಧನ ವಿದ್ಯುದಂಶದ ಸಕ್ಕರೆಯಂಥ ಅಣುವನ್ನು ಕೂಡಿಸುವ ಜೀನುಗಳನ್ನು ಎಬ್ಬಿಸುತ್ತದೆ. ಫೋಕ್ಯೂ ಅತಿಯಾಗದಂತೆ ಎಮ್‌ಜಿಆರ್‌ಬಿ ಎಂಬ ಇನ್ನೊಂದು ಪ್ರೋಟೀನು ಅದಕ್ಕೆ ಕಡಿವಾಣ. ಅದರ ಉದ್ದ ಬರೀ 47 ಅಮೈನೋ ಆಮ್ಲ. ಇಷ್ಟು ಪುಟ್ಟದರ ಮೇಲೆ ಇಷ್ಟು ದೊಡ್ಡ ಔಷಧಿಯ ಹಣೆಬರಹ ನಿಂತಿದೆಯಲ್ಲ ಎಂದು ಪ್ರತಿ ಸಲ ವಿವರಿಸುವಾಗಲೂ ಬೆರಗಾಗುತ್ತದೆ! ಈ ಜೀನಿನಲ್ಲಿ ಒಂದು ಅಕ್ಷರ ಬದಲಾಗಿ ಪ್ರೋಟೀನು ಅರ್ಧಕ್ಕೆ ನಿಂತರೆ ಸಾಕು, ಅಥವಾ ಜಾಗ ಬದಲಿಸುವ ಡಿಎನ್‌ಎ ತುಣುಕೊಂದು ನಡುವೆ ಬಂದು ಕೂತರೂ ಸಾಕು. ಕಡಿವಾಣ ಕಳಚುತ್ತದೆ. ಮೆಗ್ನೀಸಿಯಮ್ ಧಾರಾಳವಾಗಿದ್ದರೂ ಪೊರೆಯ ಋಣ ಮುಚ್ಚಿಹೋಗುತ್ತದೆ. ಕೊಲಿಸ್ಟಿನ್‌ಗೆ ಅಂಟಲು ನೆಲೆ ಸಿಗದು.

ಗಮನಿಸಿ, ಬ್ಯಾಕ್ಟೀರಿಯಾ ಇಲ್ಲಿ ಹೊಸದೇನನ್ನೂ ಗಳಿಸಲಿಲ್ಲ. ಇದ್ದುದನ್ನು ಕಳೆದುಕೊಂಡು ಗೆದ್ದಿತು. ಹೊಸ ಜೀನು ರೂಪುಗೊಳ್ಳುವುದು ಕಷ್ಟ, ಇದ್ದದ್ದು ಕೆಡುವುದು ಸುಲಭ. ಕೆಡಲು ದಾರಿಗಳೂ ಹಲವು. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳಂತೂ ಲಿಪಿಡ್-ಎ ತಯಾರಿಸುವ ಜೀನನ್ನೇ ಕೆಡಿಸಿಕೊಂಡು ಕೊಲಿಸ್ಟಿನ್‌ನ ಗುರಿಯನ್ನೇ ಇಲ್ಲವಾಗಿಸುತ್ತವೆ.

ಈ ಮ್ಯುಟೇಶನ್‌ಗಳು ಸಾಮಾನ್ಯವಾಗಿ ತಾಯಿಯಿಂದ ಮರಿಗೆ ದಾಟುತ್ತವೆ. 2015ರಲ್ಲಿ ಚೀನಾದ ಸಂಶೋಧಕರು ವರದಿ ಮಾಡಿದ, ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ ಎಮ್‌ಸಿಆರ್-1 ಜೀನು ಹಾಗಲ್ಲ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಕೂತು ಅದು ಒಂದು ಬ್ಯಾಕ್ಟೀರಿಯಾದಿಂದ ನೆರೆಯ ಬ್ಯಾಕ್ಟೀರಿಯಾಕ್ಕೇ ಹೋಗಬಲ್ಲದು. ಪಶು, ಕೋಳಿಗಳ ಮೇವಿಗೆ ಕೊಲಿಸ್ಟಿನ್ ಬೆರೆಸುವುದು ಇಂಥವಕ್ಕೆಲ್ಲ ಆಯ್ಕೆಯ ಅಖಾಡ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಇದರ ಬಳಕೆಯನ್ನು ಭಾರತ 2019ರಲ್ಲಿ ನಿಷೇಧಿಸಿದ್ದು ಸರಿಯಾದ ಹೆಜ್ಜೆ.

ಹೆಜ್ಜೆಗಳು ಇನ್ನೂ ಬೇಕು. ಕೊಲಿಸ್ಟಿನ್ ಅಗರ್ ಎಂಬ ಜೆಲ್ಲಿಯಲ್ಲಿ ಸರಿಯಾಗಿ ಹರಡದ್ದರಿಂದ, ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುತ್ತದೆಯೇ ಎಂದು ನೋಡುವ ಸಾಮಾನ್ಯ ಬಿಲ್ಲೆ ಪರೀಕ್ಷೆಯನ್ನು ನಂಬುವಂತಿಲ್ಲ. ದ್ರವ ಮಾಧ್ಯಮದಲ್ಲಿ ಪರೀಕ್ಷಿಸುವ ಕೌಶಲ ಹೆಚ್ಚು ಪ್ರಯೋಗಾಲಯಗಳಿಗೆ ಬರಬೇಕು. ಸೂಕ್ಷ್ಮಜೀವಿಶಾಸ್ತ್ರ ಓದುತ್ತಿರುವ ತರುಣರೇ, ಔಷಧಿಗಳ ಪಟ್ಟಿ ಬಾಯಿಪಾಠ ಮಾಡಿ ನಿಲ್ಲಬೇಡಿ. ಪೊರೆಯ ರಸಾಯನಶಾಸ್ತ್ರ ಓದಿ. ಕಳಚಿದ ಕಡಿವಾಣವನ್ನು ಮತ್ತೆ ತೊಡಿಸುವ ಅಣುವೊಂದು ಸಾಧ್ಯವೇ ಎಂಬ ಪ್ರಶ್ನೆಯನ್ನು ನಿಮ್ಮದಾಗಿಸಿಕೊಳ್ಳಿ.